ಆಯುಧ ಪೂಜೆಗೆ ಕೂತ ಬೇಸ್ ಗಿಟಾರ್

ನಾನು ಹೇಳಲಿರುವುದನ್ನು ನೀವು ನಂಬುವುದಿಲ್ಲ. ನಂಬಬೇಡಿ, ಪರವಾಗಿಲ್ಲ. ನಾನು ಹೇಳಿದ್ದನ್ನು ನಂಬಿದವರಿಗೆ ಏನಾಯಿತು ಎಂಬುದೇ ಈ ಬರಹದ ವಿಷಯ.

ಕಳೆದ ವರ್ಷ, ಹನ್ನೊಂದನೇ ಕ್ಲಾಸು ಶುರುವಾದ ಹೊಸತರಲ್ಲಿ, ನಾನು ನ್ಯೂಜೆರ್ಸಿಯ ಸೀಕಾಕಸ್‌ನ ಒಂದು ಗಿಟಾರ್ ರಿಪೇರಿ ಅಂಗಡಿಯಲ್ಲಿ ಸೀನಿಯರ್ ಬೇಸ್ ಟೆಕ್ನಿಷಿಯನ್ ಹುದ್ದೆಯಲ್ಲಿದ್ದೆ. ಹುದ್ದೆಗೆ ಹೆಸರು ನಾನೇ ಇಟ್ಟುಕೊಂಡದ್ದು. ನನ್ನ ಕೈಕೆಳಗೆ ಯಾರೂ ಇರಲಿಲ್ಲ; ಕಸಬರಿಗೆ ಒಂದಿತ್ತು. ವಾರಕ್ಕೊಂದೇ ದಿನ, ಶನಿವಾರ, ಬೆಳಿಗ್ಗೆ ಹತ್ತರಿಂದ ಸಂಜೆ ಐದರವರೆಗೆ ಕೇಬಲ್ ಸುತ್ತುವುದು, ತಂತಿಯ ತುಂಡುಗಳನ್ನು ಗುಡಿಸುವುದು, ಮಾಲೀಕರಾದ ಫ್ರ್ಯಾಂಕ್ ‘ಹಿಡ್ಕೋ’ ಎಂದಾಗ ಹಿಡಿದುಕೊಳ್ಳುವುದು ನನ್ನ ಜವಾಬ್ದಾರಿ. ಹಿಡಿದುಕೊಳ್ಳುವ ವಿದ್ಯೆಯಲ್ಲಿ ನನ್ನನ್ನು ಮೀರಿಸುವವರು ಹಡ್ಸನ್ ನದಿಯ ಈ ದಡದಲ್ಲಿ ಇರಲಿಲ್ಲ ಎಂದು ವಿನಯದಿಂದಲೇ ಹೇಳಬಲ್ಲೆ.

ಮನೆಯಲ್ಲಿ ಈ ಕೆಲಸಕ್ಕೆ ಬೇರೆ ಹೆಸರಿತ್ತು. ನಾವಿರುವುದು ಪ್ಲೇನ್ಸ್‌ಬರೋದ ಅಪಾರ್ಟ್‌ಮೆಂಟಿನಲ್ಲಿ. ನಮ್ಮ ಬಿಲ್ಡಿಂಗ್ ಒಂದರಲ್ಲೇ ನನ್ನ ವಯಸ್ಸಿನ ಒಬ್ಬ ಕ್ಯಾನ್ಸರ್‌ಗೆ ಔಷಧಿ ಹುಡುಕುವ ಲ್ಯಾಬಿನಲ್ಲಿದ್ದ, ಇನ್ನೊಬ್ಬಳು ಬೇಸಿಗೆ ರಜೆಯಲ್ಲಿ ರೋಬೋ ಮಾಡಿದ್ದಳು. ಅಂಥ ಕಡೆ ‘ನಾನು ಗಿಟಾರ್ ಅಂಗಡಿ ಗುಡಿಸುತ್ತೇನೆ’ ಎಂದು ಲಿಫ್ಟಿನಲ್ಲಿ ನಿಂತು ಹೇಳಲು ಸೈನಿಕರ ಧೈರ್ಯ ಬೇಕು. ಹಾಗಾಗಿ ‘ಎಲೆಕ್ಟ್ರಿಕಲ್ ಇಂಜಿನಿಯರಿಂಗ್ ಇಂಟರ್ನ್‌ಶಿಪ್’ ಎಂದೆ. ಎಲೆಕ್ಟ್ರಿಕ್ ಗಿಟಾರ್‌ನಲ್ಲಿ ಎಲೆಕ್ಟ್ರಿಕ್ ಇದೆಯಲ್ಲ, ಅರ್ಧ ನಿಜವೇ. ಅಮ್ಮ ಅದನ್ನು ದಾವಣಗೆರೆಯ ದೊಡ್ಡಮ್ಮನಿಗೆ ಫೋನಿನಲ್ಲಿ ಹೇಳುವಾಗ ‘ಲ್ಯಾಬು’ ಸೇರಿಸಿದಳು. ದೊಡ್ಡಮ್ಮ ಪಕ್ಕದ ಮನೆಗೆ ದಾಟಿಸುವಾಗ ‘ರಾಕೆಟ್ಟು’ ಸೇರಿಸಿದರಂತೆ. ನಮ್ಮ ವಂಶದಲ್ಲಿ ಯಾರೂ ಸುಳ್ಳು ಹೇಳುವುದಿಲ್ಲ, ಎಲ್ಲರೂ ಒಂದಿಷ್ಟು ಸೇರಿಸುತ್ತೇವೆ.

ಇನ್ನು ಬೇಸ್ ಗಿಟಾರ್ ಬಗ್ಗೆ. ಅದಕ್ಕೆ ನಾಲ್ಕೇ ತಂತಿ, ಒಂದೊಂದೂ ಒದ್ದೆ ಜೀನ್ಸ್ ಒಣಹಾಕಬಹುದಾದಷ್ಟು ದಪ್ಪ. ಹಾಡು ಕೇಳುವವರು ಇದನ್ನು ಗಮನಿಸುವುದಿಲ್ಲ. ಸಾರಿನ ಉಪ್ಪಿನಂತೆ, ಇಲ್ಲದಾಗ ಮಾತ್ರ ಗೊತ್ತಾಗುತ್ತದೆ. ಈಗಿನ ಹೊಸ ಬೇಸ್‌ಗಳು ಹಗುರ, ಚೊಕ್ಕ, ಹೇಳಿದಂತೆ ಕೇಳುತ್ತವೆ. ಆದರೆ ಫ್ರ್ಯಾಂಕ್ ಅವರ ಅಂಗಡಿಗೆ ಬರುತ್ತಿದ್ದುದು ಅರವತ್ತರ ದಶಕದಲ್ಲಿ ಅಮೆರಿಕದಲ್ಲೇ ತಯಾರಾದವು, ಒಂದೂ ಹೇಳಿದ ಮಾತು ಕೇಳದವು. ಹೆಗಲಿಗೆ ಹಾಕಿಕೊಂಡರೆ ಅಕ್ಕಿ ಮೂಟೆ. ಚಳಿಗಾಲಕ್ಕೊಂದು ಕಡೆ, ಬೇಸಿಗೆಗೊಂದು ಕಡೆ ಕತ್ತು ಬಾಗುತ್ತದೆ. ಅದನ್ನು ನೇರ ಮಾಡಲು ಕತ್ತಿನೊಳಗೆ ಟ್ರಸ್ ರಾಡ್ ಎಂಬ ಕಬ್ಬಿಣದ ಸರಳಿದೆ. ಆ ಸರಳಿನ ತಿರುಪು ಇರುವುದೋ, ಕತ್ತನ್ನೇ ಕಳಚಿದರೆ ಮಾತ್ರ ಕೈಗೆ ಸಿಗುವ ಜಾಗದಲ್ಲಿ. ಕಾರಿನ ಇಂಜಿನ್ ಇಳಿಸಿ ಹಾರ್ನ್ ರಿಪೇರಿ ಮಾಡಿದ ಹಾಗೆ. ಮೇಲಿನ ಬಣ್ಣ ಎಷ್ಟು ತೆಳುವೆಂದರೆ ಒಂದು ಚಳಿಗಾಲ ಕಾರಿನ ಡಿಕ್ಕಿಯಲ್ಲಿಟ್ಟರೆ ಬತ್ತಿದ ಕೆರೆಯ ತಳದಂತೆ ಬಿರುಕು ಬಿಡುತ್ತದೆ. ತಂತಿಯಿಂದ ಕೈ ತೆಗೆದರೆ ‘ಗುಂಯ್’ ಎಂದು ಅಳಲು ಶುರು, ಮುಟ್ಟಿದರೆ ಸುಮ್ಮನೆ.

ಇಷ್ಟೆಲ್ಲ ಕಾಟ ಕೊಡುವ ಮರದ ತುಂಡಿಗೆ ನಡುವಯಸ್ಸಿನ ಗಂಡಸರು ಮ್ಯಾನ್‌ಹಟನ್‌ನಿಂದ ನದಿ ದಾಟಿ ಬರುತ್ತಿದ್ದರು. ಪೆಟ್ಟಿಗೆ ತೆರೆದು ಮೊದಲು ಮೂಸುತ್ತಿದ್ದರು. ನಾನು ನೋಡಿದ್ದೇನೆ, ಒಬ್ಬರು ಟೈ ಕಟ್ಟಿಕೊಂಡೇ ಮಂಡಿಯೂರಿ ಮೂಸಿದರು. ಬಿರುಕು, ತುಕ್ಕು, ಬೆವರಿನ ಕಲೆ ಇದ್ದಷ್ಟೂ ಅವರ ಕಣ್ಣು ಒದ್ದೆಯಾಗುತ್ತಿತ್ತು. ಫ್ರ್ಯಾಂಕ್ ಅವರ ಅಂಗಡಿಯಲ್ಲಿ ಇದಕ್ಕಾಗಿಯೇ ಒಂದು ಕಾನೂನಿತ್ತು. ಮೊದಲ ದಿನ ನಾನು ಉತ್ಸಾಹದಿಂದ ಒದ್ದೆ ಬಟ್ಟೆ ಹಿಡಿದು ಒಂದು ಗಿಟಾರ್ ಕಡೆ ನಡೆದಾಗ ಅವರು ಬೆಂಕಿ ಬಿದ್ದಂತೆ ಕೂಗಿದ್ದರು.

“ಕಿಡ್! ಒಳಗೆ ಬಂದ ಧೂಳು ಗಿರಾಕಿದು. ಅದನ್ನ ಒರೆಸೋ ಹಕ್ಕು ನಿಂಗಿಲ್ಲ!”

ಫ್ರ್ಯಾಂಕ್ ಆಡುವುದು ನ್ಯೂಜೆರ್ಸಿಯ ಇಂಗ್ಲಿಷು. ಇಲ್ಲಿ ಕನ್ನಡಕ್ಕೆ ತಂದಿದ್ದೇನೆ. ಬೈಗುಳಗಳನ್ನು ಅಲ್ಲೇ ಬಿಟ್ಟು ಬಂದಿದ್ದೇನೆ.

ದಸರೆಗೆ ಮುಂಚಿನ ಶನಿವಾರ ವಾಲ್ಟರ್ ಬಂದರು. ಎಪ್ಪತ್ತೊಂಬತ್ತು ವರ್ಷ, ನ್ಯೂವರ್ಕ್‌ನವರು, ಹತ್ತೊಂಬತ್ತನೇ ವಯಸ್ಸಿನಿಂದ ಒಂದೇ ಚರ್ಚಿನಲ್ಲಿ ಒಂದೇ ಬೇಸ್ ನುಡಿಸುತ್ತಾ ಬಂದವರು. ತಿಂಗಳುಗಟ್ಟಲೆಯಿಂದ ವಾಲ್ಯೂಮ್ ತಿರುಗಿಸಿದರೆ ಚರಚರ ಸದ್ದು ಬರುತ್ತಿತ್ತು, ಅಷ್ಟೇ ದೂರು. ಪೆಟ್ಟಿಗೆ ತೆರೆದರೆ ಒಳಗೆ ಒಂದು ಕಾಲದಲ್ಲಿ ಕೆನೆಬಣ್ಣವಿದ್ದು ಈಗ ಹಳೆ ಹಲ್ಲಿನ ಬಣ್ಣಕ್ಕೆ ತಿರುಗಿದ ಬೇಸ್. ತಂತಿಗಳು ನನ್ನ ಅಪ್ಪನ ಮದುವೆಗಿಂತ ಹಳೆಯವು. ತಂತಿಗಳು ಕೊನೆಗೊಳ್ಳುವ ಜಾಗದಲ್ಲಿ ಲೋಹದ ಪುಟ್ಟ ಮುಚ್ಚಳ, ಎರಡು ಸ್ಕ್ರೂ. ವಾಲ್ಟರ್ ಅದರ ಮೇಲೆ ಅಂಗೈ ಇಟ್ಟರು.

“ಏನ್ ಬೇಕಾದ್ರೂ ಮಾಡು ಫ್ರ್ಯಾಂಕ್. ಇದರ ಕೆಳಗೆ ಮಾತ್ರ ಕೈ ಹಾಕ್ಬೇಡ.”

“ಅಲ್ಲೇನಿದೆ?” ಎಂದೆ ನಾನು. ಸೀನಿಯರ್ ಟೆಕ್ನಿಷಿಯನ್ ಕೇಳಬಾರದ ಪ್ರಶ್ನೆ.

ಆ ಮುಚ್ಚಳದ ಕೆಳಗೆ ಫ್ಯಾಕ್ಟರಿಯವರು ಒಂದು ಸ್ಪಂಜಿನ ಪಟ್ಟಿ ಇಡುತ್ತಿದ್ದರಂತೆ. ತಂತಿಗೆ ತಾಗಿಕೊಂಡು ಅದು ಸದ್ದನ್ನು ಉದ್ದಕ್ಕೆ ಎಳೆಯಲು ಬಿಡದೆ ಮೊಟಕು ಮಾಡುತ್ತದೆ. ಹಳೆಯ ಬೇಸ್‌ಗಳ ಆ ಮೆತ್ತನೆಯ ಗುದ್ದು ಬರುವುದು ಅದರಿಂದಲೇ. ವಾಲ್ಟರ್ ಅವರ ಬೇಸ್‌ನ ಮೂಲ ಸ್ಪಂಜು ಯಾವತ್ತೋ ಪುಡಿಯಾಗಿತ್ತು. ಚರ್ಚಿನ ಕಾಯರ್‌ನಲ್ಲಿ ಹಾಡುತ್ತಿದ್ದ ಅವರ ಹೆಂಡತಿ ಗ್ಲೋರಿಯಾ, ತನ್ನ ಹಾಡುವ ನಿಲುವಂಗಿಯ ಭುಜದ ಪ್ಯಾಡನ್ನು ಬಿಚ್ಚಿ, ಕತ್ತರಿಸಿ, ಅಲ್ಲಿ ತುರುಕಿದ್ದರು. ಗ್ಲೋರಿಯಾ ತೀರಿಕೊಂಡು ಆರು ವರ್ಷ.

“ಫ್ಯಾಕ್ಟರಿಯವ್ರಿಗಿಂತ ಅವಳು ಇಟ್ಟಿದ್ದೇ ಚೆನ್ನಾಗಿತ್ತು,” ಎಂದರು ವಾಲ್ಟರ್. ಒಮ್ಮೆ ನುಡಿಸಿ ತೋರಿಸಿದರು. ‘ಡುಬ್’. ನೆನೆದ ಮಣ್ಣಿನ ಮೇಲೆ ತೆಂಗಿನಕಾಯಿ ಬಿದ್ದಂತೆ. ಸದ್ದು ಕಿವಿಗಿಂತ ಮುಂಚೆ ಪಕ್ಕೆಲುಬಿಗೆ ಬಂತು. “ನಾಳೆ ಬಿಟ್ಟು ಮುಂದಿನ ಭಾನುವಾರ ಚರ್ಚಲ್ಲಿ ಕೊನೇ ಸಲ ನುಡಿಸ್ತೀನಿ. ಆಮೇಲೆ ಇದು ಮೊಮ್ಮಗಳಿಗೆ. ಆ ಒಂದಿನ ಇದು ಇದರ ಥರಾನೇ ಕೇಳಿಸ್ಬೇಕು.”

ಅವರನ್ನು ಕಾರಿನಲ್ಲಿ ಕರೆತರಲು ಮೊಮ್ಮಗಳಿಗೆ ಶನಿವಾರ ಮಾತ್ರ ಬಿಡುವು. ಹಾಗಾಗಿ ಮುಂದಿನ ಶನಿವಾರ ಹನ್ನೊಂದಕ್ಕೆ ಬರುವುದಾಗಿ ಹೇಳಿ ಹೋದರು. ಫ್ರ್ಯಾಂಕ್ ಮಧ್ಯಾಹ್ನವೇ ಚರಚರ ಸದ್ದನ್ನು ವಾಸಿ ಮಾಡಿದರು. ನಾನು ಟಾರ್ಚ್ ಹಿಡಿದೆ. ಮೂರು ಗಂಟೆಗೆ ಅವರು ಅಂಗಡಿಯ ಬೀಗದ ಕೈ ನನ್ನ ಕೈಗಿಟ್ಟು, ಒಂದು ವಾರಕ್ಕೆ ಮಗಳ ಮನೆಗೆ ಹೊರಟರು. “ಐದಕ್ಕೆ ಬೀಗ ಹಾಕು. ಏನೂ ಮುಟ್ಬೇಡ.”

ಐದಕ್ಕೆ ಬೀಗ ಹಾಕಿದೆ. ಬೇಸ್ ನನ್ನ ಬೆನ್ನ ಮೇಲಿತ್ತು.

ಕಾರಣ ಸರಳ. ನಮ್ಮ ಸ್ಕೂಲಿನ ಜಾಝ್ ಬ್ಯಾಂಡಿನಲ್ಲಿ ನನ್ನ ಜೊತೆ ಐದು ಹುಡುಗರಿದ್ದಾರೆ. ನನ್ನ ಬಳಿ ಅರವತ್ತರ ದಶಕದ ಬೇಸ್ ಇದೆ ಎಂದು ನಾನು ಆಗಸ್ಟಿನಲ್ಲೇ ಅವರಿಗೆ ಹೇಳಿಬಿಟ್ಟಿದ್ದೆ. ಮಾತಿಗೆ ತಪ್ಪಬಾರದು ಎಂಬುದು ನಮ್ಮ ಮನೆಯ ಸಂಸ್ಕಾರ. ಶನಿವಾರ ಬೆಳಿಗ್ಗೆ ಫ್ರ್ಯಾಂಕ್ ಬರುವ ಮೊದಲು ವಾಪಸ್ ಇಟ್ಟರಾಯಿತು ಎಂದುಕೊಂಡೆ.

ಸೀಕಾಕಸ್‌ನಿಂದ ಮನೆಯ ಕಡೆಯ ಟ್ರೇನಿನಲ್ಲಿ ಆ ಪೆಟ್ಟಿಗೆ ಒಂದು ಸೀಟು ತಗೊಂಡಿತು, ನಾನು ನಿಂತೆ. ಮನೆಯ ಬಾಗಿಲು ತೆರೆದ ಅಮ್ಮ ಮೊದಲು ಪೆಟ್ಟಿಗೆಯನ್ನು, ಆಮೇಲೆ ನನ್ನನ್ನು ನೋಡಿದಳು.

“ಏನೇ ಇದು, ಹೆಣ ಹೊತ್ಕಂಡ್ ಬಂದಂಗೆ ಬಂದೀಯ!”

“ಇಂಟರ್ನ್‌ಶಿಪ್‌ದು ಅಮ್ಮ. ಲ್ಯಾಬ್ ಎಕ್ವಿಪ್‌ಮೆಂಟ್.”

ಅಮ್ಮ ಮುಚ್ಚಳ ಎತ್ತಿದಳು. “ಗಿಟಾರ್ ಅಲ್ವೇನೇ ಇದು?”

“ಹೊರಗಡೆ ಅಷ್ಟೇ ಗಿಟಾರ್. ಒಳಗಡೆ ಫುಲ್ ಸರ್ಕ್ಯೂಟ್. ವಿ ಆರ್ ಟೆಸ್ಟಿಂಗ್ ಇಟ್.”

“ಎಷ್ಟ್ ಹೊಲಸಾಗೈತಿ ನೋಡು. ಅಮೆರಿಕಾದ ಲ್ಯಾಬಂತೆ!”

ಅಷ್ಟಕ್ಕೆ ಮಾತು ಮುಗಿಯಿತು ಎಂದುಕೊಂಡೆ. ಸೋಮವಾರ ಸ್ಕೂಲಿಗೆ ಒಯ್ದೆ. ಐವರೂ ಸಾಲಾಗಿ ನಿಂತು ಮೂಸಿದರು. ಒಬ್ಬ ಎರಡು ಸಲ ಮೂಸಿದ. ಆ ದಿನ ನನ್ನ ಜೀವನದ ಶಿಖರ. ಇಳಿಜಾರು ಮಾರನೇ ದಿನದಿಂದ.

ಬುಧವಾರ ಆಯುಧ ಪೂಜೆ. ನಾನದನ್ನು ಮರೆತಿದ್ದೆ, ನಮ್ಮ ಸ್ಕೂಲಿನ ಕ್ಯಾಲೆಂಡರಿನಲ್ಲಿ ಅದು ಇರುವುದಿಲ್ಲ. ಸಂಜೆ ಸ್ಕೂಲಿನಿಂದ ಬಂದು ಶೂ ಬಿಚ್ಚುತ್ತಾ ತಲೆಯೆತ್ತಿದರೆ, ಹಾಲಿನಲ್ಲಿ ಕೆಂಪು ಜಮಖಾನೆ. ಅದರ ಮೇಲೆ ಅಪ್ಪನ ಲ್ಯಾಪ್‌ಟಾಪ್, ಕಾರಿನ ಕೀ, ಮಿಕ್ಸಿ, ಕುಕ್ಕರ್, ಏರ್ ಫ್ರೈಯರ್. ಇವೆಲ್ಲದರ ನಡುವೆ, ಗೋಡೆಗೊರಗಿ, ಕತ್ತಿಗೆ ಚೆಂಡು ಹೂವಿನ ಹಾರ ಹಾಕಿಕೊಂಡು, ಎದೆಗೆ ಮೂರು ಪಟ್ಟೆ ವಿಭೂತಿ ಬಳಿದುಕೊಂಡು, ತಂತಿ ಬಿಗಿಸುವ ಒಂದೊಂದು ತಿರುಗಣೆಗೂ ಕುಂಕುಮ ಇಡಿಸಿಕೊಂಡು ವಾಲ್ಟರ್ ಅವರ ಬೇಸ್ ಮದುಮಗನಂತೆ ಕೂತಿತ್ತು. ಪಾದದ ಬಳಿ ನಿಂಬೆಹಣ್ಣು.

ನಾನು ನೋಡಿದ್ದು ಅದನ್ನಲ್ಲ. ಆ ಲೋಹದ ಮುಚ್ಚಳ ಹೊಳೆಯುತ್ತಿತ್ತು. ಕನ್ನಡಿಯಂತೆ. ಅದರಲ್ಲಿ ಏರ್ ಫ್ರೈಯರ್ ಕಾಣುತ್ತಿತ್ತು.

“ಅಮ್ಮ... ವಾಟ್ ಡಿಡ್ ಯು ಡೂ?”

“ಎಕ್ವಿಪ್‌ಮೆಂಟ್ ಅಂದ್ಯಲ್ಲ, ಎಕ್ವಿಪ್‌ಮೆಂಟ್ ಅಂದ್ರೆ ಆಯುಧ ಅಲ್ವಾ? ತೊಳೀದೆ ಪೂಜೆಗಿಡಾಕಾಗ್ತತೇನು?” ಅಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು. “ನಿನ್ನೆ ಬೆಳಗ್ಗೆ ಎರಡ್ ತಾಸು ಕೂತೀನಿ. ತಂತಿ ಮುಟ್ಲಿಲ್ಲ, ಕರೆಂಟ್ ಹೊಡೀತತಿ ಅಂತ. ಆ ಮುಚ್ಚಳ ಬಿಚ್ಚಿ ಹುಣಸೆಹಣ್ಣು ಹಾಕಿ ತಿಕ್ಕಿದೆ. ಹೆಂಗ್ ಬಂತು ನೋಡು!”

“ಅದರ ಕೆಳಗೆ... ದೇರ್ ವಾಸ್ ಅ ಸ್ಪಂಜ್.”

“ಹೂಂ, ಇತ್ತು. ಸತ್ತಿಲಿ ಇದ್ದಂಗಿತ್ತು. ಬಿಸಾಕಿದೆ.”

ನಾನು ಒಂದು ಶೂ ಹಾಕಿಕೊಂಡು, ಒಂದನ್ನು ಕೈಯಲ್ಲಿ ಹಿಡಿದು ಕೆಳಗಿನ ಡಂಪ್‌ಸ್ಟರ್‌ಗೆ ಓಡಿದೆ. ಕಸದ ಲಾರಿ ಅವತ್ತು ಬೆಳಿಗ್ಗೆಯೇ ಬಂದು ಹೋಗಿತ್ತು. ಡಂಪ್‌ಸ್ಟರ್ ಖಾಲಿ, ಅದರೊಳಗೆ ಇಳಿದು ನೋಡಿದೆ, ಅಷ್ಟಂತೂ ನಿಜ, ಸೇರಿಸಿದ್ದಲ್ಲ. ವಾಪಸ್ ಬಂದಾಗ ಅಪ್ಪ ಮಂಗಳಾರತಿ ತಟ್ಟೆ ಹಿಡಿದು ಕಾಯುತ್ತಿದ್ದರು. ಆರತಿ ತಗೊಂಡೆ. ಬೇಸ್‌ಗೆ ನಮಸ್ಕಾರ ಮಾಡಿದೆ. ನನ್ನಷ್ಟು ಭಕ್ತಿಯಿಂದ ಆ ಸಂಜೆ ಕರ್ನಾಟಕದಲ್ಲೂ ಯಾರೂ ನಮಸ್ಕರಿಸಿರಲಿಕ್ಕಿಲ್ಲ.

“ಯಾಕವ್ವ, ತೊಳೆದಿದ್ದು ತಪ್ಪಾತೇನು?” ಎಂದಳು ಅಮ್ಮ. ಅವಳ ಉಗುರುಗಳ ಸಂದಿ ಇನ್ನೂ ಕಪ್ಪಾಗಿತ್ತು.

ಇಲ್ಲಿ ನಾನು ನಿಜ ಹೇಳಬಹುದಿತ್ತು. ಹೇಳಿದರೆ ಸ್ಪಂಜಿನ ಕಥೆ ಹೇಳಬೇಕು, ಸ್ಪಂಜಿನ ಕಥೆ ಹೇಳಿದರೆ ಅಂಗಡಿಯ ಕಥೆ, ಅಂಗಡಿಯ ಕಥೆ ಹೇಳಿದರೆ ದಾವಣಗೆರೆಯ ರಾಕೆಟ್ಟು ನೆಲಕ್ಕೆ. ಹಾಗಾಗಿ ಫೋನಿನಲ್ಲಿ ಒಂದು ಫೋಟೋ ತೆಗೆದು, ಯಾರಿಗೂ ಕಳಿಸದೆ, ಐದು ನಿಮಿಷ ಬಿಟ್ಟು ಹೇಳಿದೆ: “ಬಾಸ್‌ಗೆ ಕಳಿಸ್ದೆ ಅಮ್ಮ. ಹಿ ಲವ್ಡ್ ಇಟ್. ಇಷ್ಟು ಶೈನಿಂಗ್ ನಾನು ನೋಡೇ ಇಲ್ಲ ಅಂದ್ರು.”

ಅಮ್ಮ ಅಡುಗೆಮನೆಗೆ ಹೋಗಿ ಹೋಳಿಗೆ ಬೇಯಿಸುತ್ತಾ ಸಣ್ಣಗೆ ಹಾಡಿಕೊಂಡಳು.

ಗುರುವಾರ, ಶುಕ್ರವಾರ ನಾನು ಒಂದು ಕಡೆ ಕೂತಿದ್ದು ನೆನಪಿಲ್ಲ. ಕೆಮಿಸ್ಟ್ರಿ ಕ್ಲಾಸಿನಲ್ಲಿ ಟೀಚರ್ ನನ್ನ ಕಾಲು ನೋಡಿ ಭೂಕಂಪವೇ ಎಂದು ಕೇಳಿದರು. ಮೊದಲ ಸಮಸ್ಯೆ ಸದ್ದು. ಸ್ಪಂಜಿಲ್ಲದೆ ನುಡಿಸಿದರೆ ‘ಡೂಂಂಂಂ’ ಎಂದು ಸ್ಟೀಲ್ ತಟ್ಟೆ ಬಿದ್ದಂತೆ ಎಳೆಯುತ್ತಿತ್ತು. ಸ್ಕೂಲಿನಿಂದ ಬಂದವಳೇ ನನ್ನ ಪುಟ್ಟ ಆ್ಯಂಪ್ಲಿಫೈಯರ್‌ಗೆ ತಗುಲಿಸಿ ಮನೆಯಲ್ಲಿದ್ದ ಮೆತ್ತಗಿನದನ್ನೆಲ್ಲ ಮುಚ್ಚಳದ ಕೆಳಗೆ ತುರುಕಿದೆ. ಪಾತ್ರೆ ತಿಕ್ಕುವ ಸ್ಪಂಜು: ಕೆಮ್ಮಿದಂತೆ ಕೇಳಿಸಿತು. ಯೋಗಾ ಮ್ಯಾಟಿನ ತುಂಡು: ಸದ್ದೇ ಇಲ್ಲ, ಪರಮ ಶಾಂತಿ. ಅಪ್ಪನ ಹೆಡ್‌ಫೋನಿನ ಕಿವಿದಿಂಬು: ಪರವಾಗಿಲ್ಲ, ಆದರೆ ಮೂರನೇ ತಂತಿ ಸೀನುತ್ತಿತ್ತು. ಕೊನೆಗೆ ಬುದ್ಧಿ ಬಂತು. ಗ್ಲೋರಿಯಾ ಹಾಕಿದ್ದು ಭುಜದ ಪ್ಯಾಡ್ ಅಲ್ಲವೇ? ಕ್ಲಾಸೆಟ್ಟಿನಲ್ಲಿ ಅಪ್ಪನ ರಿಸೆಪ್ಷನ್ ಸೂಟು ಇತ್ತು. ಅದನ್ನು ಅವರು ಮತ್ತೆ ಹಾಕಿದ್ದು ನಾನಂತೂ ಕಂಡಿರಲಿಲ್ಲ. ಎಡಭುಜ ಬಿಚ್ಚಿದೆ. ಕತ್ತರಿಸಿ, ಕಾಫಿ ಡಿಕಾಕ್ಷನ್ನಿನಲ್ಲಿ ನೆನೆಸಿ, ದೀಪದ ಮಸಿ ಸವರಿ ವಯಸ್ಸು ಬರಿಸಿದೆ. ನುಡಿಸಿದೆ. ‘ಡುಬ್.’

ಹೆಚ್ಚುಕಡಿಮೆ ‘ಡುಬ್’. ಹೆಚ್ಚೋ ಕಡಿಮೆಯೋ ಎಂದು ಯೋಚಿಸಲು ಪುರುಸೊತ್ತಿರಲಿಲ್ಲ.

ಎರಡನೇ ಸಮಸ್ಯೆ ಹೊಳಪು. ಮುಚ್ಚಳವನ್ನು ಹುಳಿ ಮಜ್ಜಿಗೆ ಮತ್ತು ಉಪ್ಪಿನಲ್ಲಿ ಇಡೀ ದಿನ ಮುಳುಗಿಸಿಟ್ಟೆ. ಕಪ್ಪಾಯಿತು, ಜೊತೆಗೆ ವಾಸನೆಯೂ ಬಂತು. ವಿಭೂತಿ ಒರೆಸಿದರೆ ಹೋಯಿತು. ಬಣ್ಣದ ಒಂದೇ ಒಂದು ಬಿರುಕಿನೊಳಗೆ ಕುಂಕುಮ ಉಳಿದುಬಿಟ್ಟಿತು, ಕೂದಲೆಳೆಯಷ್ಟು. ಅದಕ್ಕೆ ಟೂತ್‌ಪಿಕ್ಕು ಹಿಡಿದು ಶುಕ್ರವಾರ ಸಂಜೆಯಿಡೀ ಕೂತೆ. ಹೋಗಲಿಲ್ಲ.

ಶನಿವಾರ ಅಪ್ಪ ಅಮ್ಮ ಹಡ್ಸನ್ ನದಿಯಾಚೆಯ ಫ್ಲಶಿಂಗ್ ದೇವಸ್ಥಾನಕ್ಕೆ ಹೊರಡುವವರಿದ್ದರು. ದಾರಿಯಲ್ಲೇ ಸೀಕಾಕಸ್, ಡ್ರಾಪ್ ಮಾಡುತ್ತೇವೆ ಎಂದರು. ಬೇಡವೇ ಬೇಡ ಎಂದು ನಾನು ಬೆಳಗಿನ ಟ್ರೇನ್ ಹಿಡಿದೆ. ಒಂಬತ್ತೂವರೆಗೆ ಬೇಸ್ ಅದರ ಜಾಗದಲ್ಲಿತ್ತು. ಹತ್ತಕ್ಕೆ ಫ್ರ್ಯಾಂಕ್ ಬಂದರು, ಪೆಟ್ಟಿಗೆ ತೆರೆದರು, ಮೂಗು ಅರಳಿಸಿದರು.

“ಕಿಡ್, ಇಲ್ಲಿ ಯಾರಾದ್ರೂ ಮೊಸರು ಚೆಲ್ಲಿದಾರಾ?”

“ಹಳೇ ಮರ ಅಲ್ವಾ, ಹ್ಯುಮಿಡಿಟಿ,” ಎಂದೆ.

ಫ್ರ್ಯಾಂಕ್ ಭೂತಗನ್ನಡಿ ತೆಗೆದು ಆ ಕೆಂಪು ಎಳೆಯನ್ನು ಬಹಳ ಹೊತ್ತು ನೋಡಿದರು. “ಈ ಬಣ್ಣದ ಕೆಳಗೆ ಕೆಂಪು ಇತ್ತಾ? ಇಷ್ಟು ವರ್ಷ ನಾನೇ ನೋಡಿಲ್ವಲ್ಲ!” ಅವರ ಧ್ವನಿಯಲ್ಲಿ ಸಂಶೋಧಕನ ಸಂಭ್ರಮವಿತ್ತು. ನಾನು ಕಸಬರಿಗೆ ಹಿಡಿದು, ಗುಡಿಸಿದ ಜಾಗವನ್ನೇ ಮತ್ತೆ ಗುಡಿಸಿದೆ.

ಹನ್ನೊಂದಕ್ಕೆ ವಾಲ್ಟರ್. ಮೊಮ್ಮಗಳು ಕಾರಿನಲ್ಲೇ ಕಾಯುತ್ತಿದ್ದಳು. ಅವರು ಕೋಟು ಬಿಚ್ಚಿ ಸ್ಟೂಲಿನ ಮೇಲೆ ಕೂತು ವಾಲ್ಯೂಮ್ ತಿರುಗಿಸಿದರು, ಚರಚರ ಇಲ್ಲ. ಮುಗುಳ್ನಕ್ಕರು. ನಿಧಾನವಾದ ಒಂದು ಭಜನೆಯಂಥದ್ದನ್ನು ಶುರು ಮಾಡಿದರು. ನಾಲ್ಕು ಪೆಟ್ಟು. ನಿಲ್ಲಿಸಿದರು. ಮತ್ತೆ ಮೊದಲಿಂದ, ನಾಲ್ಕು ಪೆಟ್ಟು. ನಿಲ್ಲಿಸಿದರು.

“ಏನಾದ್ರೂ ಬದಲಾಯಿಸಿದ್ಯಾ ಫ್ರ್ಯಾಂಕ್?”

“ವಾಲ್ಯೂಮ್ ಕ್ಲೀನ್ ಮಾಡ್ದೆ ಅಷ್ಟೇ. ತಂತಿ ನಿಂದೇ, ಎಲ್ಲ ನಿಂದೇ.”

“ಕೆಳಗೆ ಕೈ ಹಾಕಿಲ್ಲ?”

“ನನ್ನಾಣೆ ಇಲ್ಲ.” ಫ್ರ್ಯಾಂಕ್ ನನ್ನ ಕಡೆ ತಿರುಗಿದರು. “ನೀನು?”

“ನೋ ಸರ್,” ಎಂದೆ. ನಾನು ಕೈ ಹಾಕಿದ್ದು ಅಮ್ಮ ತೆಗೆದ ಮೇಲೆ. ನಮ್ಮ ಲೆಕ್ಕದಲ್ಲಿ ಅದೂ ಅರ್ಧ ನಿಜ.

ವಾಲ್ಟರ್ ಬಲಗೈಯನ್ನು ಮುಖದ ಹತ್ತಿರ ತಂದು ನೋಡಿದರು. ಬೆರಳುಗಳನ್ನು ಮಡಚಿದರು, ಬಿಡಿಸಿದರು. ಇನ್ನೊಮ್ಮೆ ನುಡಿಸಿದರು, ಈ ಸಲ ಬೆರಳ ಬದಲು ಹೆಬ್ಬೆರಳಿನಿಂದ. ತಲೆಯಾಡಿಸಿದರು.

“ಹಾಗಾದ್ರೆ ಕೆಟ್ಟಿರೋದು ನನ್ನ ಬೆರಳೇ,” ಎಂದರು. “ಡಾಕ್ಟರ್ ಹೇಳಿದ್ರು, ನರ ಸೋತಿದೆ, ಬೆರಳಿಗೆ ಮೊದಲಿನ ಹಿಡಿತ ಇಲ್ಲ ಅಂತ. ನಾನು ನಂಬಿರಲಿಲ್ಲ. ಇಷ್ಟು ಬೇಗ ಹೋಗುತ್ತೆ ಅಂದ್ಕೊಂಡಿರಲಿಲ್ಲ.”

“ಏ, ಚೆನ್ನಾಗೇ ಇದೆಯಲ್ಲ ವಾಲ್ಟರ್,” ಎಂದರು ಫ್ರ್ಯಾಂಕ್.

“ನಿನ್ನ ಕಿವಿಗೆ. ನಾಳೆ ಅಲ್ಲಿ ಕೂತಿರೋರು ಅರವತ್ತು ವರ್ಷದಿಂದ ಕೇಳಿದೋರು. ಹುಡುಗಿ ನುಡಿಸ್ಲಿ. ನಾನು ಬೆಂಚಲ್ಲಿ ಕೂತು ಕೇಳ್ತೀನಿ.” ಅವರು ಕೇಬಲ್ ತೆಗೆದು ಸುತ್ತತೊಡಗಿದರು. ಅದು ನನ್ನ ಕೆಲಸ. ಎಂದೂ ಗಿರಾಕಿಗೆ ಮಾಡಲು ಬಿಟ್ಟಿರಲಿಲ್ಲ. ನನ್ನ ಕೈ ಏಳಲಿಲ್ಲ.

ಬಾಯಿ ತೆರೆದೆ. ಐದು ಹುಡುಗರೆದುರು ತಿಂಗಳುಗಟ್ಟಲೆ ನಿಲ್ಲದೆ ಓಡಿದ ಬಾಯಿ, ಒಂದು ವಾಕ್ಯ ಬೇಕಿತ್ತು, ಸಿಗಲಿಲ್ಲ. ‘ಸರ್’ ಎಂದೆನೇನೋ. ಯಾರಿಗೂ ಕೇಳಲಿಲ್ಲ. ವಾಲ್ಟರ್ ಪೆಟ್ಟಿಗೆಯ ಒಂದು ಕೊಂಡಿ ಹಾಕಿದರು. ಎರಡನೇ ಕೊಂಡಿ ಹಾಕಿದರು. ಮೂರನೆಯದಕ್ಕೆ ಕೈ ಇಟ್ಟಾಗ ಬಾಗಿಲು ತೆರೆದುಕೊಂಡಿತು.

ಹಸಿರು ರೇಷ್ಮೆ ಸೀರೆ, ಮೇಲೆ ದಪ್ಪ ಜಾಕೆಟ್ಟು, ಕೈಯಲ್ಲಿ ಎರಡು ಕೈ ಸಾಲದಷ್ಟು ದೊಡ್ಡ ಸ್ಟೀಲ್ ಡಬ್ಬಿ. ಅಮ್ಮ. ನನ್ನ ಫೋನ್ ಎಲ್ಲಿದೆ ಎಂದು ತೋರಿಸುವ ಆ್ಯಪ್ ಅಪ್ಪನ ಫೋನಿನಲ್ಲಿದೆ. ಅಪ್ಪ ಹೊರಗೆ ಪಾರ್ಕಿಂಗ್ ಹುಡುಕುತ್ತಿದ್ದರು.

“ಹಲೋ ಸರ್! ನಾನು ಧೃತಿ ಮದರ್,” ಎಂದು ಅಮ್ಮ ತನ್ನ ಆಫೀಸು ಇಂಗ್ಲಿಷಿನಲ್ಲಿ ಶುರು ಮಾಡಿದಳು. ಸುತ್ತ ನೇತಾಡುತ್ತಿದ್ದ ಗಿಟಾರ್‌ಗಳನ್ನು ನೋಡಿ ಲ್ಯಾಬು ಎಲ್ಲಿ ಎಂದು ಒಂದು ಕ್ಷಣ ಹುಡುಕಿದಳು. ಆದರೆ ಬಂದ ಸಂಭ್ರಮ ದೊಡ್ಡದು. “ಹಬ್ಬದ್ದು ಹೋಳಿಗೆ. ನಿಮಗೆ ಶೈನಿಂಗ್ ತುಂಬಾ ಇಷ್ಟ ಆಯ್ತಂತಲ್ಲ, ಅದಕ್ಕೇ ಬಂದೆ. ನಾನೇ ತೊಳೆದಿದ್ದು! ಸೋಪ್ ಅಲ್ಲ, ನ್ಯಾಚುರಲ್, ಟ್ಯಾಮರಿಂಡ್. ಎರಡು ಗಂಟೆ ಹಿಡೀತು.”

ಫ್ರ್ಯಾಂಕ್ ಡಬ್ಬಿಯನ್ನು ತಗೊಂಡರು. ಬಾಯಿ ಹಾಗೇ ತೆರೆದಿತ್ತು. “ಏನನ್ನ ತೊಳೆದ್ರಿ, ಮ್ಯಾಡಂ?”

“ಈ ಪೆಟ್ಟಿಗೆಯ ಗಿಟಾರ್! ನಮ್ಮನೇಲಿ ಪೂಜೆಗಿಟ್ಟಿದ್ವಲ್ಲ. ಆ ಮುಚ್ಚಳದ ಕೆಳಗೆ ಒಂದು ಕೊಳೆತ ಸ್ಪಂಜ್ ಇತ್ತು, ಅದನ್ನೂ ತೆಗೆದು ಎಸೆದುಬಿಟ್ಟೆ.”

ಅಂಗಡಿಯಲ್ಲಿ ಇಪ್ಪತ್ತೆರಡು ಗಿಟಾರ್‌ಗಳಿದ್ದವು. ಒಂದೂ ಸದ್ದು ಮಾಡಲಿಲ್ಲ.

ವಾಲ್ಟರ್ ಕೊಂಡಿಗಳನ್ನು ಒಂದೊಂದಾಗಿ ಬಿಚ್ಚಿದರು. ಫ್ರ್ಯಾಂಕ್ ಸ್ಕ್ರೂಡ್ರೈವರ್ ಕೊಟ್ಟರು. ಮುಚ್ಚಳ ಮೇಲೆ ಬಂತು. ವಾಲ್ಟರ್ ಎರಡು ಬೆರಳಿನಿಂದ ಕಾಫಿ ಬಣ್ಣದ ಪಟ್ಟಿಯನ್ನು ಎತ್ತಿ ಬೆಳಕಿಗೆ ಹಿಡಿದರು. ಅದರ ಅಂಚಿನಲ್ಲಿ ನೀಲಿ ಸ್ಯಾಟಿನ್ ಬಟ್ಟೆಯ ಎಳೆಯೊಂದು ಅಂಟಿಕೊಂಡಿತ್ತು. ಅಮ್ಮ ಹತ್ತಿರ ಬಂದು ಬಗ್ಗಿ ನೋಡಿದಳು, ಇಂಗ್ಲಿಷು ಬಿಟ್ಟಳು.

“ಇದು ನಿಮ್ಮಪ್ಪನ ರಿಸೆಪ್ಷನ್ ಸೂಟಿಂದಲ್ಲೇನೇ?”

ನಾನು ಹೌದೆಂದೆ. ಆಮೇಲೆ ಉಳಿದದ್ದನ್ನೂ ಹೇಳಿದೆ, ವಾಲ್ಟರ್ ಅವರಿಗೆ, ಇಂಗ್ಲಿಷಿನಲ್ಲಿ, ಏನನ್ನೂ ಸೇರಿಸದೆ. ನನ್ನ ಜೀವನದ ಅತಿ ಚಿಕ್ಕ ಭಾಷಣ ಅದು. ಆ ಸ್ಪಂಜು ಯಾರದ್ದು ಎಂದು ಹೇಳುವಾಗ ಅಮ್ಮನಿಗೂ ಗೊತ್ತಾಯಿತು. ಅವಳು ಬಾಯಿಗೆ ಸೆರಗು ಹಿಡಿದಳು. “ಅಯ್ಯೋ ಶಿವನೆ,” ಎಂದಳು, ನನಗಲ್ಲ, ವಾಲ್ಟರ್ ಅವರಿಗೆ. ನಿಂತಲ್ಲೇ ಅವರಿಗೆ ಕೈ ಮುಗಿದಳು.

ವಾಲ್ಟರ್ ನೋಡುತ್ತಿದ್ದುದು ಅಮ್ಮನನ್ನಲ್ಲ. ತಮ್ಮ ಬಲಗೈಯನ್ನು.

“ಹಾಗಾದ್ರೆ ಇದು ನನ್ನ ಬೆರಳಲ್ಲ,” ಎಂದರು.

“ಗ್ಲೋರಿಯಾಳದ್ದು ಹೋಯ್ತು.” ಕಣ್ಣು ಒರೆಸಿಕೊಂಡರು. ಆಮೇಲೆ ಮತ್ತೆ ಅದನ್ನೇ, ಈ ಸಲ ಗಟ್ಟಿಯಾಗಿ ಹೇಳಿದರು: “ನನ್ನ ಬೆರಳಲ್ಲ! ಫ್ರ್ಯಾಂಕ್, ನಿನ್ನ ಹತ್ರ ಇರೋ ಸ್ಪಂಜೆಲ್ಲ ತಗೊಂಬಾ. ಒಂದೊಂದಾಗಿ ನೋಡೋಣ. ನಾಳೆ ನಾನೇ ನುಡಿಸ್ತೀನಿ.”

ಆ ವೃತ್ತಿ ನನಗೆ ಕಲಿಸಿದ್ದು ಇದೊಂದೇ, ಆದರೆ ಚೆನ್ನಾಗಿ ಕಲಿಸಿತು. ಇನ್ನೊಬ್ಬರ ವಾದ್ಯವನ್ನು ಕೆಡಿಸಿದರೆ ಕೂಡಲೇ ಹೇಳಿಬಿಡಬೇಕು. ಹೇಳದೆ ಮುಚ್ಚಿಟ್ಟ ತಪ್ಪು ಮುಚ್ಚಿದ ಜಾಗದಲ್ಲಿ ಉಳಿಯುವುದಿಲ್ಲ. ಅದನ್ನು ನುಡಿಸುವವರ ಕೈಮೇಲೆ ಹೋಗಿ ಕೂರುತ್ತದೆ.

ಫ್ರ್ಯಾಂಕ್ ಸ್ಪಂಜಿನ ಡಬ್ಬ ತರಲು ಹೋಗುವಾಗ ನನ್ನ ಮುಂದೆ ನಿಂತು ಅಂಗೈ ಚಾಚಿದರು. ಅಂಗಡಿಯ ಬೀಗದ ಕೈ ಅದರಲ್ಲಿಟ್ಟೆ. ಅವರು ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು.

“ಅಮ್ಮ, ಸರ್ ನುಡಿಸೋದು ಕೇಳ್ಕೊಂಡು... ಜಸ್ಟ್ ಫೈವ್ ಮಿನಿಟ್ಸ್—”

“ಜಾಕೆಟ್ ಹಾಕ್ಕೋ,” ಎಂದಳು ಅಮ್ಮ. “ನಡಿ.”